ಅಕ್ಕನ ಟೇಪು, ಭಾವನ ಹೊಟ್ಟೆ

ದಾವಣಗೆರೆ
ಭಾನುವಾರ, 9 ನವೆಂಬರ್ 2025

ಬೆಳಿಗ್ಗೆ ಅಕ್ಕನ ಮನೆಗೆ ಹೋದಾಗ ಭಾವ ಸ್ಕ್ಯಾನಿಂಗ್ ರಿಪೋರ್ಟನ್ನು ದಿನಪತ್ರಿಕೆ ಕೆಳಗೆ ಇಟ್ಟುಕೊಂಡು ಕೂತಿದ್ದರು. ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂತ. ಗ್ರೇಡ್ 2, ಮಧ್ಯಮ ಮಟ್ಟದ್ದು. ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

ಮೊನ್ನೆ ಸ್ಕ್ಯಾನಿಂಗ್ ಮಾಡಿದ ಹುಡುಗ ಹತ್ತು ಜನರ ಮುಂದೆ "ಡ್ರಿಂಕ್ಸ್ ಎಷ್ಟು ವರ್ಷದಿಂದ?" ಅಂತ ಕೇಳಿದ್ದನಂತೆ. ಭಾವ ಬಾಟಲಿ ಮುಟ್ಟಿದವರೇ ಅಲ್ಲ. ಅದರ ಮೇಲೆ ನಮ್ಮ ಚಿಕ್ಕಮ್ಮನ ಫೋನು ಬೇರೆ. "ಲಿವರ್ ಕೆಟ್ಟಿದೆ ಅಂದ್ರೆ ಸುಮ್ನೆ ಕೆಡುತ್ತಾ? ಅಂಗಡಿ ಮುಚ್ಚಿ ಬರ್ತಾ ಎಲ್ಲಿಗೆ ಹೋಗ್ತಾನೋ ನೋಡು." ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಅಕ್ಕನಿಗೂ ಆ ಮಾತು ಮುಳ್ಳಿನ ಹಾಗೆ ಚುಚ್ಚಿ ಕೂತುಬಿಟ್ಟಿತ್ತು. ನನಗೆ ನಿಜವಾಗಿ ಸಿಟ್ಟು ಬಂತು. ಕುಡಿಯದವರಿಗೂ ಬರುವ ಫ್ಯಾಟಿ ಲಿವರ್ ಇದೆ, ಅದೇ ಈಗ ಜಾಸ್ತಿ. ಇಷ್ಟು ಹೇಳುವವರು ಒಬ್ಬರಾದರೂ ಅಲ್ಲಿ ಇರಬೇಕಿತ್ತು.

"ನೀನು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀಯಲ್ಲ, ಹೇಳೇ. ಇವರು ದಪ್ಪಾನೂ ಇಲ್ಲ, ಕುಡಿಯೋದೂ ಇಲ್ಲ. ಮತ್ತೆ ಯಾಕೆ?" ಅಂದಳು ಅಕ್ಕ.

ಭಾವನ ತೂಕ 68 ಕೆ.ಜಿ. ಐದೂವರೆ ಅಡಿ ಎತ್ತರ. ನೋಡಿದರೆ ಯಾರೂ ದಪ್ಪ ಅನ್ನಲ್ಲ. ಹೊಲಿಗೆ ಮಿಷನ್ ಮೇಲಿದ್ದ ಅಕ್ಕನ ಟೇಪು ತಗೊಂಡೆ. "ಭಾವ, ಎದ್ದು ನಿಲ್ಲಿ. ಹೊಟ್ಟೆ ಒಳಗೆ ಎಳ್ಕೋಬೇಡಿ." ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿದೆ. ಉಸಿರು ಬಿಟ್ಟಾಗ 38½ ಇಂಚು. ಟೇಪಿನ ಆಚೆ ಬದಿಯಲ್ಲಿ 98 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಅಂತ ಲೆಕ್ಕ. ಕೈಕಾಲು ಸಣ್ಣ ಇದ್ದರೂ ನಮ್ಮವರಿಗೆ ಕೊಬ್ಬು ಹೊಟ್ಟೆಯೊಳಗೇ ಸೇರುತ್ತೆ. ತೂಕದ ಯಂತ್ರಕ್ಕೆ ಅದು ಗೊತ್ತಾಗಲ್ಲ, ಟೇಪಿಗೆ ಗೊತ್ತಾಗುತ್ತೆ.

ಆಮೇಲೆ ಟೇಬಲ್ ಮೇಲೇ ಪಾಠ ಶುರುವಾಯಿತು. ಕೊಬ್ಬು ಅಂದರೆ ಮೂಟೆ ಹಾಗೆ ಸುಮ್ಮನೆ ಬಿದ್ದಿರೋದು ಅಂತ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಜೊತೆಯವರು ಲೆಪ್ಟಿನ್ ಅನ್ನೋ ಹಾರ್ಮೋನ್ ಕಂಡುಹಿಡಿದರು. ಕೊಬ್ಬಿನ ಕೋಶಗಳೇ ಅದನ್ನು ರಕ್ತಕ್ಕೆ ಬಿಡುತ್ತವೆ. 'ಇಲ್ಲಿ ದಾಸ್ತಾನು ಸಾಕಷ್ಟಿದೆ, ಊಟ ಸಾಕು' ಅಂತ ಮಿದುಳಿಗೆ ತಿಳಿಸೋದು ಅದರ ಕೆಲಸ. ಕೊಬ್ಬು ಜಾಸ್ತಿಯಾದಷ್ಟೂ ಲೆಪ್ಟಿನ್ ಜಾಸ್ತಿ. ಆದರೆ ದಿನವಿಡೀ ಕೂಗಿದರೆ ಮನೆಯವರೇ ಕಿವಿಗೊಡಲ್ಲ, ಅಲ್ವಾ? ಮಿದುಳೂ ಹಾಗೆಯೇ, ಕೇಳಿಸಿಕೊಳ್ಳೋದನ್ನು ಬಿಡುತ್ತೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಲೆಪ್ಟಿನ್ ಬಹಳ ದಿನ ಏರಿಯೇ ಇದ್ದರೆ ಲಿವರ್‌ನಲ್ಲಿ ಗಾಯದ ಕಲೆ ಬೆಳೆಯಲು ಅದೇ ನೆರವಾಗುತ್ತೆ ಅಂತ ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ.

ಅಡಿಪೊನೆಕ್ಟಿನ್ ಅಂತ ಇನ್ನೊಂದು ಹಾರ್ಮೋನ್ ಇದೆ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಲಿವರ್‌ಗೆ ಕೊಬ್ಬು ಉರಿಸು ಅಂತ ಹೇಳೋದು ಇದು. ಇನ್ಸುಲಿನ್ ಮಾತು ಕೇಳು ಅನ್ನೋದೂ ಇದೇ, ಉರಿಯೂತ ತಣಿಸೋದೂ ಇದೇ. ಇದು ಹುಟ್ಟೋದು ಕೊಬ್ಬಿನಲ್ಲಿ, ಆದರೆ ಕೊಬ್ಬು ಜಾಸ್ತಿಯಾದಂತೆ ಇದು ಕಡಿಮೆಯಾಗುತ್ತೆ. ಲಿವರ್‌ಗೆ ಕಾವಲು ಬೇಕಾದ ಹೊತ್ತಿಗೇ ಕಾವಲುಗಾರ ಇರಲ್ಲ.

ಭಾವ ತೀರಾ ಸಹಜವಾದ ಪ್ರಶ್ನೆ ಕೇಳಿದರು. "ಹಂಗಾದ್ರೆ ಮೈಯಲ್ಲಿ ಕೊಬ್ಬೇ ಇಲ್ಲದವನು ಪುಣ್ಯವಂತ?" ಇಲ್ಲ ಭಾವ. ಹುಟ್ಟಿನಿಂದಲೇ ಕೊಬ್ಬಿನ ಕೋಶಗಳಿಲ್ಲದ ಮಕ್ಕಳಿದ್ದಾರೆ, ಬಹಳ ಅಪರೂಪ. ಕೊಬ್ಬು ಕೂರಲು ಜಾಗವಿಲ್ಲದೆ ಎಲ್ಲ ಲಿವರ್‌ಗೇ ಹೋಗಿ ಸೇರುತ್ತೆ. ಅವರಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರೆ ಲಿವರ್ ಕೊಬ್ಬು ಇಳಿಯುತ್ತೆ. ಅಮೆರಿಕದಲ್ಲಿ 2014ರಿಂದ ಆ ಔಷಧಿಗೆ ಒಪ್ಪಿಗೆಯೂ ಇದೆ. ನಿಮಗೆ ಅದು ಕೆಲಸಕ್ಕೆ ಬರಲ್ಲ, ನಿಮ್ಮಲ್ಲಿ ಲೆಪ್ಟಿನ್ ಬೇಕಾದಷ್ಟಿದೆ.

ಹೊಟ್ಟೆಯೊಳಗಿನ ಕೊಬ್ಬೇ ಯಾಕೆ ಕೆಟ್ಟದ್ದು ಅನ್ನೋದಕ್ಕೆ ಭದ್ರಾ ನಾಲೆ ನೆನಪಾಯಿತು. ನಾಲೆಯ ಮೊದಲ ಹೊಲಕ್ಕೆ ನೀರೂ ಮೊದಲು, ಕೆಸರೂ ಮೊದಲು. ಕರುಳಿನ ಸುತ್ತ ಇರುವ ಕೊಬ್ಬಿನ ರಕ್ತ ನೇರವಾಗಿ ಲಿವರ್‌ಗೇ ಹರಿಯುತ್ತೆ. ಅದು ಬಿಟ್ಟ ಕೊಬ್ಬಿನಾಮ್ಲ, ಉರಿಯೂತದ ರಾಸಾಯನಿಕ, ಎಲ್ಲಕ್ಕೂ ಲಿವರೇ ಮೊದಲ ಹೊಲ. ಕೊಬ್ಬನ್ನು ಕೋಶದಲ್ಲೇ ಹಿಡಿದಿಡು ಅನ್ನೋದು ಇನ್ಸುಲಿನ್, ಅದರ ಮಾತು ನಡೆಯದಿದ್ದರೆ ಕೊಬ್ಬು ಕರಗಿ ಸೋರೋದೂ ನಿಲ್ಲಲ್ಲ.

"ಬೆಣ್ಣೆ ದೋಸೆ ಬಿಡ್ಬೇಕಾ?" ಅಂತ ಮೆಲ್ಲಗೆ ಕೇಳಿದರು. 2005ರ ಒಂದು ಅಧ್ಯಯನ ನೆನಪಿತ್ತು. ಫ್ಯಾಟಿ ಲಿವರ್ ಇರುವವರ ಲಿವರ್ ಕೊಬ್ಬಿನಲ್ಲಿ ನೂರಕ್ಕೆ 59 ಪಾಲು ಮೈಯ ಕೊಬ್ಬಿನಿಂದ ಸೋರಿ ಬಂದದ್ದು. 26 ಪಾಲು ಲಿವರ್ ತಾನೇ ಮಾಡಿಕೊಂಡದ್ದು, ಅದಕ್ಕೆ ಸಕ್ಕರೆ, ಹಿಟ್ಟಿನ ಪದಾರ್ಥ ಕುಮ್ಮಕ್ಕು ಕೊಡುತ್ತವೆ. ನೇರ ಊಟದ ಕೊಬ್ಬಿನಿಂದ ಬರೋದು 15 ಪಾಲು ಮಾತ್ರ. ದೋಸೆ ಅಪರೂಪಕ್ಕೆ ಇರಲಿ. ನನಗೆ ಚಿಂತೆ ಇರೋದು ಚೌಕಿಪೇಟೆ ಅಂಗಡಿಯ ಗಾದಿ ಮೇಲೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರೋದರ ಬಗ್ಗೆ. ನಡುವೆ ಎರಡೆರಡು ಚಮಚ ಸಕ್ಕರೆಯ ಆರು ಟೀ ಬೇರೆ.

ತೂಕ ನೂರಕ್ಕೆ ಐದು ಪಾಲು ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತೆ. ಏಳರಿಂದ ಹತ್ತು ಪಾಲು ಇಳಿದರೆ ಉರಿಯೂತವೂ ತಗ್ಗುತ್ತೆ. ಭಾವನಿಗೆ ಐದು ಪಾಲು ಅಂದರೆ ಮೂರೂವರೆ ಕೆ.ಜಿ.ಗೂ ಕಡಿಮೆ. ಅಷ್ಟು ಕೇಳಿದ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು. ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನೋದು ಈ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ತಿಳಿಯಲ್ಲ, ಫೈಬ್ರೋಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಬೇಕು. ನಾನೇ ಜೊತೆಗೆ ಹೋಗ್ತೀನಿ ಅಂದಿದ್ದೇನೆ. ನಾಳೆ ಆರು ಗಂಟೆಗೆ ಕುಂದವಾಡ ಕೆರೆ ಏರಿ ಮೇಲೆ ಮೂರೂ ಜನ ನಡೆಯೋದು ಅಂತ ಆಯಿತು.

ಹೊರಡುವಾಗ ಅಕ್ಕ ಬ್ಲೌಸ್ ಅಳತೆ ಬರೆಯುವ ನೋಟ್‌ಬುಕ್ ತೆಗೆದಳು. ಗಿರಾಕಿಗಳ ಎದೆ, ತೋಳು, ಭುಜದ ಲೆಕ್ಕ ಇರುವ ಪುಟಗಳನ್ನೆಲ್ಲ ದಾಟಿ, ಕೊನೆಯ ಖಾಲಿ ಪುಟದ ತಲೆಗೆ 'ಇವರು' ಅಂತ ಬರೆದಳು. ಕೆಳಗೆ ಇವತ್ತಿನ ತಾರೀಖು, 38½. ಆಮೇಲೆ ನನ್ನ ಎದುರಿಗೇ ಚಿಕ್ಕಮ್ಮನಿಗೆ ಫೋನ್ ಹಚ್ಚಿದಳು.