ಸೋಮವಾರದ ಮಾತ್ರೆ

ಬಿ.ಫಾರ್ಮ ಎಂಟನೆಯ ಸೆಮಿಸ್ಟರಿನ ಕೊನೆಯ ಪರೀಕ್ಷೆ ಇಂದು ಮುಗಿಯಿತು. ಫಲಿತಾಂಶ ಬಂದ ಮೇಲೆ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ವೈದ್ಯರು ತಮ್ಮ ರೋಗಿಗಳಿಗೆ ತಾವೇ ಔಷಧ ಕೊಡುವುದನ್ನು ಬಿಟ್ಟರೆ, ಚೀಟಿ ನೋಡಿ ಔಷಧ ಕೊಡುವ ಅಧಿಕಾರವನ್ನು 1948ರ ಫಾರ್ಮಸಿ ಕಾಯ್ದೆಯು ನೋಂದಾಯಿತ ಫಾರ್ಮಾಸಿಸ್ಟರಿಗೆ ಮಾತ್ರ ವಹಿಸಿದೆ.

ಈ ನಾಲ್ಕು ವರ್ಷಗಳ ಓದಿನಲ್ಲಿ ನನ್ನೊಳಗೆ ಆಳವಾಗಿ ಇಳಿದದ್ದು ಮೆಥೊಟ್ರೆಕ್ಸೇಟಿನ ಪಾಠ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಈ ಮಾತ್ರೆಯನ್ನು ತಪ್ಪು ತಿಳಿದು ದಿನವೂ ನುಂಗಿದರೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯೇ ಕುಗ್ಗಿ ಪ್ರಾಣಕ್ಕೆ ಅಪಾಯವಾಗಬಹುದು. ಚೀಟಿಯಲ್ಲಿ ‘ವಾರಕ್ಕೊಂದು ಸಲ’ ಎಂದು ಸ್ಪಷ್ಟವಾಗಿ ಬರೆದಿದ್ದರೂ, ಓದಲು ಬಾರದವರಿಗೆ ಅದನ್ನು ಬಾಯಿಬಿಟ್ಟು ಹೇಳಿ, ಅವರಿಂದ ಮರಳಿ ಹೇಳಿಸಿ ಖಚಿತಪಡಿಸಿಕೊಳ್ಳಬೇಕಾದವರು ಔಷಧ ಅಂಗಡಿಯಲ್ಲಿ ನಿಂತ ನಾವೇ. ಅಂಕಗಳಿಗಿಂತ ಈ ಹೊಣೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಅಜ್ಜಿಯೂ ಅದೇ ಮಾತ್ರೆಯನ್ನು ತೆಗೆದುಕೊಳ್ಳುತ್ತಾರೆ. ಪಾಠ ಕೇಳಿದ ವಾರವೇ ಊರಿಗೆ ಹೋಗಿ, ಅಡುಗೆಮನೆಯ ಕ್ಯಾಲೆಂಡರಿನ ಪ್ರತಿ ಸೋಮವಾರಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬಂದಿದ್ದೆ. ಇಂದು ಪರೀಕ್ಷೆ ಮುಗಿಸಿ ಫೋನು ಮಾಡಿದಾಗ ಅವರು ಮೊದಲು ಹೇಳಿದ್ದು, “ಈ ಸೋಮವಾರದ್ದು ಆಯಿತು ಮಗಾ” ಎಂದು.