ಶಿರಸಿಗೆ ರೋಬೋಟ್ ಆಪರೇಶನ್ ತಂದರೆ ನಡೆಯುತ್ತಾ?

ಇಲ್ಲ. ಸದ್ಯಕ್ಕಂತೂ ನಡೆಯುವುದಿಲ್ಲ. ಆಸ್ಪತ್ರೆ ಯಂತ್ರಗಳ ರಿಪೇರಿ ನನ್ನ ಕೆಲಸ, ಹಾಗಾಗಿ ಮದುವೆಮನೆ, ಸೊಸೈಟಿ, ಬಸ್‌ಸ್ಟ್ಯಾಂಡ್ ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ: ನಾಲ್ಕು ಜನ ದುಡ್ಡು ಹಾಕಿ ಒಂದು ರೋಬೋಟ್ ತಂದರೆ ಲಾಭ ಇದೆಯಾ? ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಒಂದು ಉಪನಯನದ ಊಟದಲ್ಲಿ ಪಕ್ಕ ಕೂತ ಅಡಿಕೆ ವ್ಯಾಪಾರಿಯೊಬ್ಬರು, "ತಮಾ, ಡಾಕ್ಟರೇ ಬೇಡವಂತಲ್ಲ, ಅದೇ ಕೊಯ್ದು ಅದೇ ಹೊಲಿಯುತ್ತದಂತೆ" ಅಂದರು. ತಂಬುಳಿ ಬಿಟ್ಟು ವಾದಕ್ಕೆ ಇಳಿದೆ. ಅದು ತಾನಾಗಿ ಏನೂ ಮಾಡುವುದಿಲ್ಲ! ಸರ್ಜನ್ ಕನ್ಸೋಲ್‌ನಲ್ಲಿ, ಅಂದರೆ ಅದನ್ನು ನಡೆಸುವ ಮೇಜಿನ ಮುಂದೆ, ಕೂತು ಕೈ ಆಡಿಸಿದಂತೆ ಅದರ ತೋಳು ಆಡುತ್ತದೆ, ಅಷ್ಟೇ. ಸರ್ಜನ್ ಇಲ್ಲದ ಊರಲ್ಲಿ ಅದು ಬರೀ ಕಬ್ಬಿಣ.

ಇನ್ನು ಲಾಭದ ಮಾತು. ಯಂತ್ರಕ್ಕೆ ಕೋಟಿಗಟ್ಟಲೆ ಕೊಟ್ಟರೂ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಡಾವಿಂಚಿ ಅನ್ನುವ ಆಪರೇಶನ್ ರೋಬೋಟಿನ ತೋಳಿಗೆ ಸಿಕ್ಕಿಸುವ ಕತ್ತರಿ, ಇಕ್ಕಳ ನೋಡಿದ್ದೀರಾ? ಉದ್ದನೆಯ ಸಪೂರ ಕೋಲು, ತುದಿಯಲ್ಲಿ ಮಣಿಕಟ್ಟಿನಂತೆ ತಿರುಗುವ ಪುಟ್ಟ ಮೂತಿ, ಹಿಂಬದಿಯಲ್ಲಿ ಒಂದು ಚಿಪ್. ಎಷ್ಟು ಸಲ ಬಳಸಿದ್ದೀರಿ ಅಂತ ಆ ಚಿಪ್ ಎಣಿಸುತ್ತದೆ. ಎಷ್ಟೋ ಉಪಕರಣಗಳಿಗೆ ಬಹಳ ಕಾಲ 10 ಸಲದ ಮಿತಿಯಿತ್ತು. ಲೆಕ್ಕ ಮುಗಿದರೆ ಕತ್ತರಿ ಹರಿತವಾಗಿದ್ದರೂ ಯಂತ್ರ ಅದನ್ನು ಒಪ್ಪುವುದಿಲ್ಲ, ಹೊಸದೇ ತರಬೇಕು. ಜೊತೆಗೆ ವರ್ಷವರ್ಷವೂ ಸರ್ವಿಸ್ ಕಾಂಟ್ರಾಕ್ಟ್. ದಿನಾ ಕೇಸು ಬರುವ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯಂಥ ಕಡೆ ಇದನ್ನು ಹೇಗೋ ತೂಗಿಸಬಹುದು. ನಮ್ಮಲ್ಲಿ ಆ ಖರ್ಚೆಲ್ಲ ರೋಗಿಯ ಬಿಲ್ಲಿಗೇ ಬರುತ್ತದೆ.

ಬೆಲೆ ಇಳಿಯಬಹುದು, ಅದು ನಿಜ. ಗುರುಗ್ರಾಮದ ಎಸ್‌ಎಸ್‌ಐ ಮಂತ್ರದಂಥ ನಮ್ಮ ದೇಶದ ಯಂತ್ರಗಳೇ ಬಂದಿವೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲಿ ನಿಯಮ ತಂದ ಮೇಲೆ ಇನ್ಶೂರೆನ್ಸ್‌ನವರು ರೋಬೋಟಿಕ್ ಸರ್ಜರಿಯನ್ನು ಸುಮ್ನೆ ಹೊರಗಿಡುವ ಹಾಗಿಲ್ಲ, ಆದರೆ ಇಷ್ಟೇ ಕೊಡುತ್ತೇವೆ ಅಂತ ಮಿತಿ ಹಾಕಬಹುದು. ಮಾರುಕಟ್ಟೆ ಬೆಳೆಯುತ್ತದೆ. ರೋಗಿಗೆ ಎಷ್ಟು ಉಪಕಾರ ಅನ್ನುವುದು ಬೇರೆ ಮಾತು. ಗುದನಾಳದ ಕ್ಯಾನ್ಸರಿಗೆ ರೋಬೋಟ್ ಮೇಲೋ, ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಮಾಮೂಲಿ ಲ್ಯಾಪರೋಸ್ಕೋಪಿ ಮೇಲೋ ಅಂತ ಹೋಲಿಸಿದ ರೋಲಾರ್ ಅಧ್ಯಯನದಲ್ಲಿ, ಮಧ್ಯದಲ್ಲೇ ಹೊಟ್ಟೆ ತೆರೆಯಬೇಕಾಗಿ ಬರುವ ಸಂಭವ ರೋಬೋಟಿನಿಂದ ಖಚಿತವಾಗಿ ಕಡಿಮೆಯಾಗುತ್ತದೆ ಅಂತ ಸಾಬೀತಾಗಲಿಲ್ಲ. 2017ರಲ್ಲೇ ಬಂದ ಫಲಿತಾಂಶ ಅದು.

"ಬೆಂಗಳೂರಲ್ಲೇ ಕೂತು ಶಿರಸಿಯವರಿಗೆ ಆಪರೇಶನ್ ಮಾಡಬಹುದಲ್ವಾ?" ಅನ್ನುತ್ತಾರೆ. 2025ರಲ್ಲಿ ಗುರುಗ್ರಾಮದಿಂದ ಜೈಪುರದ ರೋಗಿಗೆ ಹೃದಯದ ಆಪರೇಶನ್ ಮಾಡಿದ್ದೂ ಹೌದು. ಆದರೆ ರೋಗಿಯ ಪಕ್ಕದಲ್ಲಿ ಅನಸ್ತೇಶಿಯಾ ಡಾಕ್ಟರು ಬೇಕು, ಲೈನ್ ಕಡಿದರೆ ಮುಂದುವರಿಸಲು ಇನ್ನೊಬ್ಬ ಸರ್ಜನ್ ಬೇಕು, ರಕ್ತ ಬೇಕು, ಹೋಗದ ಕರೆಂಟ್ ಬೇಕು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಇದೇ: ಮಳೆಗಾಲದ ರಾತ್ರಿ ಎರಡು ಗಂಟೆಗೆ ನಮ್ಮ ತಾಲೂಕಲ್ಲಿ ಸಿಸೇರಿಯನ್ ಮಾಡಬೇಕಾದರೆ ಅನಸ್ತೇಶಿಯಾ ಕೊಡುವವರು ಯಾರು? ಸಿಸೇರಿಯನ್, ಹೊಟ್ಟೆ ತೆರೆಯುವ ಆಪರೇಶನ್, ಚರ್ಮ ಹರಿದು ಹೊರಬಂದ ಮೂಳೆಮುರಿತ, ಈ ಮೂರು ಎರಡು ಗಂಟೆಯೊಳಗೆ ಸಿಗಬೇಕು ಅಂತ 2015ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಹೇಳಿತ್ತು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ 4 ಜನ ಸತ್ತರು. ಆಗ ಇಡೀ ಉತ್ತರ ಕನ್ನಡ ಜಿಲ್ಲೆ ಆಸ್ಪತ್ರೆ ಕೊಡಿ ಅಂತ ಕೂಗಿತು, ರೋಬೋಟ್ ಯಾರೂ ಕೇಳಲಿಲ್ಲ.

ನಿಜವಾಗಿ ದುಡ್ಡು ಹಾಕುವ ಮನಸ್ಸಿದ್ದರೆ ಒಳ್ಳೆಯ ಲ್ಯಾಪರೋಸ್ಕೋಪಿ ಸೆಟ್, ಆಪರೇಶನ್ ನಡೆಯುವಾಗಲೇ ಒಳಗಿನ ಮೂಳೆ ತೋರಿಸುವ ಎಕ್ಸ್‌ರೇ ಯಂತ್ರ ಸಿ-ಆರ್ಮ್ ಒಂದು, ರಕ್ತ ಇಡುವ ಫ್ರಿಜ್, ರಾತ್ರಿಯೂ ಊರಲ್ಲೇ ಇರುವ ಅನಸ್ತೇಶಿಯಾ ಡಾಕ್ಟರಿಗೆ ಸಂಬಳ ಮತ್ತು ಮನೆ, ಇಷ್ಟರ ಲೆಕ್ಕ ಹಾಕೋಣ. ಕಾಗದ ಪೆನ್ನು ಹಿಡಿದು ಬನ್ನಿ, ಎಷ್ಟು ಹೊತ್ತಾದರೂ ಕೂರುತ್ತೇನೆ.