ರಾತ್ರಿ ಯಾಕೆ ಹೊಲಕ್ಕೆ ಹೋಗಿದ್ದರು?

ನಮ್ಮ ಪಕ್ಕದ ಮನೆ ಹುಡುಗಿ ಇಲ್ಲೇ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಓದುತ್ತಾಳೆ. ಬಡ ದೇಶಗಳ ಜನರ ಆರೋಗ್ಯಕ್ಕಾಗಿಯೇ ಕೆಲಸ ಮಾಡಬೇಕು ಎಂದು ಹಟ ಹಿಡಿದವಳು. ಬಿಸಿಲುನಾಡುಗಳ ಕಾಯಿಲೆಗೆಂದೇ ಈ ಊರಲ್ಲಿ 1898ರಿಂದ ಒಂದು ಸಂಸ್ಥೆ ಇದೆ. ವಿಷದ ಹಾವು ಒಂದೇ ಜಾತಿಯದ್ದಿರುವ ಈ ದೇಶದಲ್ಲಿ ಅವರು ಹಾವಿನ ವಿಷದ ಮೇಲೆ ದೊಡ್ಡ ಸಂಶೋಧನೆ ನಡೆಸುತ್ತಾರೆ!

ಮೊನ್ನೆ ಅವಳು ನಮ್ಮ ಮುಧೋಳ ಕಡೆಯ ಹಾವುಗಳ ಬಗ್ಗೆ ಕೇಳಿದಳು. ದೊಡ್ಡಪ್ಪನ ಸುದ್ದಿ ಹೇಳಿದೆ. ನಡುರಾತ್ರಿ ಕಬ್ಬಿಗೆ ನೀರು ಬಿಡಲು ಹೋದಾಗ ಬದುವಿನ ಮೇಲೆ ಕೊಳಕುಮಂಡಲ ಕಡಿಯಿತು. ಹಗ್ಗ ಬಿಗಿದು ಮೊದಲು ಮಂತ್ರ ಹಾಕುವವರ ಹತ್ತಿರ ಒಯ್ದರು. ಆಮೇಲೆ ಹತ್ತಿರದ ದವಾಖಾನೆಗೆ. ಅಲ್ಲಿ ಇಂಜೆಕ್ಷನ್ ಇರಲಿಲ್ಲ. ಟಂಟಂನಲ್ಲಿ ಮಲಗಿಸಿಕೊಂಡು ಬಾಗಲಕೋಟೆ ಮುಟ್ಟುವಷ್ಟರಲ್ಲಿ ಕಾಲು ಊದಿ ಕಪ್ಪಾಗಿತ್ತು, ವಸಡಿನಿಂದ ರಕ್ತ ಒಸರುತ್ತಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಇಂಜೆಕ್ಷನ್ ಯಾಕಿರಲಿಲ್ಲ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ. "ಅಷ್ಟು ಕತ್ತಲಲ್ಲಿ ಹೊಲಕ್ಕೆ ಯಾಕೆ ಹೋಗಿದ್ದರು?"

ನೀರಿನ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುತ್ತಿತ್ತು, ಅದಕ್ಕೇ ಎಂದೆ. ಹೇಳುತ್ತಲೇ ಹೊಟ್ಟೆಯಲ್ಲಿ ಸಂಕಟವಾಯಿತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಈ ಮಾತು ಯಾರೂ ಕೇಳಿಲ್ಲ. ದೊಡ್ಡವ್ವ ಹಣೆಬರಹ ಅಂದಳು, ಬಂದವರೆಲ್ಲ ಹೌದು ಅಂದರು, ಅಲ್ಲಿಗೆ ಮುಗಿಯಿತು.

ಮದ್ದೇನೂ ಹೊಸದಲ್ಲ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದ ತಯಾರಿಸುವುದನ್ನು ನೂರು ವರ್ಷಕ್ಕೂ ಹಿಂದೆಯೇ ಕಂಡುಹಿಡಿದಿದ್ದಾರೆ. ನಮ್ಮ ದೇಶದ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಆಗುತ್ತದೆ. ಆದರೂ ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿದು ಸಾಯುತ್ತಾರೆ ಎಂಬ ಅಂದಾಜಿದೆ. ಜಾಸ್ತಿ ಜನ ಹಳ್ಳಿಯವರೇ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಹಾವು ಕಡಿದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು 2024ರಲ್ಲಿ ಕರ್ನಾಟಕ ಹೇಳಿತು. ಇದು ನನಗೆ ಹೆಮ್ಮೆ. ಲೆಕ್ಕ ಸಿಕ್ಕರೆ ತಾನೇ ಎಲ್ಲಿ ಎಷ್ಟು ಇಂಜೆಕ್ಷನ್ ಇಡಬೇಕು ಅಂತ ಗೊತ್ತಾಗುವುದು, ಅಲ್ವಾ?

ಅವತ್ತೇ ತಮ್ಮನಿಗೆ ಫೋನ್ ಮಾಡಿದೆ. "ಈ ವಾರ ರಾತ್ರಿ ಪಾಳಿ ಅಣ್ಣಾ" ಅಂದ. ಗಮ್‌ಬೂಟು ತಗೋ, ಬ್ಯಾಟರಿ ಇಲ್ಲದೆ ಹೊಲಕ್ಕೆ ಇಳಿಯಬೇಡ, ಕಡಿದರೆ ಹಗ್ಗ ಕಟ್ಟಬೇಡ, ಸೀದಾ ದೊಡ್ಡ ದವಾಖಾನೆಗೆ ಹೋಗು ಎಂದೆ. ಇಲ್ಲಿಂದ ನಾನು ಹೇಳಬಹುದಾದದ್ದು ಇಷ್ಟೇ. ಹಗಲು ಕರೆಂಟ್ ಕೊಡಿ ಎಂದು ಕೇಳಬೇಕಾದವರು ಊರಲ್ಲಿರುವ ನೀವು. ದಯವಿಟ್ಟು ಕೇಳಿ.